ಏರ್‌ಬ್ಯಾಗ್ ದೀಪ ಆರದಿದ್ದಾಗ: ದೋಷ ಹುಡುಕುವ ಕ್ರಮ ಮತ್ತು ಕೈಹಾಕುವ ಮಿತಿ

ಕೀಲಿ ತಿರುಗಿಸಿದ ಕೂಡಲೇ ಕಾರಿನ ಮೀಟರ್ ಬೋರ್ಡಿನಲ್ಲಿ ಹಲವು ದೀಪಗಳು ಒಟ್ಟಿಗೇ ಹೊತ್ತಿಕೊಂಡು, ಬಳಿಕ ಒಂದೊಂದಾಗಿ ಆರುತ್ತವೆ. ಅವುಗಳ ಪೈಕಿ, ಕುಳಿತ ಮನುಷ್ಯನ ಎದುರಿಗೆ ದುಂಡನೆಯ ಚೆಂಡಿರುವ ಚಿತ್ರವುಳ್ಳದ್ದು ಏರ್‌ಬ್ಯಾಗ್ ವ್ಯವಸ್ಥೆಯ ದೀಪ; ಕೆಲವು ಹಳೆಯ ಕಾರುಗಳಲ್ಲಿ ಚಿತ್ರದ ಬದಲು ಎಸ್‌ಆರ್‌ಎಸ್ ಎಂಬ ಅಕ್ಷರಗಳಿರುತ್ತವೆ. ಬಹುತೇಕ ಕಾರುಗಳಲ್ಲಿ ಈ ದೀಪ ಸುಮಾರು 6 ಸೆಕೆಂಡು ಉರಿದು ಅಥವಾ ಮಿನುಗಿ ಆರಬೇಕು. ಆ ಅವಧಿಯಲ್ಲಿ ನಿಯಂತ್ರಣ ಘಟಕವು ತನ್ನನ್ನೂ ತನಗೆ ಸೇರಿದ ತಂತಿಗಳನ್ನೂ ಪರೀಕ್ಷಿಸಿಕೊಳ್ಳುತ್ತದೆ.

ದೀಪ ಆರದೆ ಉರಿಯುತ್ತಲೇ ಇದ್ದರೆ, ಆರಿದ ದೀಪ ಓಡಾಟದ ನಡುವೆ ಮತ್ತೆ ಹೊತ್ತಿಕೊಂಡರೆ, ಇಲ್ಲವೇ ಕೀಲಿ ತಿರುಗಿಸಿದಾಗ ದೀಪ ಹೊತ್ತಿಕೊಳ್ಳದೆಯೇ ಹೋದರೆ, ವ್ಯವಸ್ಥೆಯಲ್ಲಿ ದೋಷವಿದೆ ಎಂದೇ ತಿಳಿಯಬೇಕು. ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ಉರಿಯದ ದೀಪದ ಬಗ್ಗೆ ಯಾರೂ ದೂರು ಹೇಳುವುದಿಲ್ಲ. ಮುಂದಿನ ಎಡ ಆಸನದ ಏರ್‌ಬ್ಯಾಗನ್ನು ಬೇಕೆಂದೇ ಬಂದ್ ಮಾಡಿದಾಗ ಉರಿಯುವ ‘ಪ್ಯಾಸೆಂಜರ್ ಏರ್‌ಬ್ಯಾಗ್ ಆಫ್’ ದೀಪ ಬೇರೆಯದು. ಅದು ದೋಷದ ದೀಪವಲ್ಲ. ಹಿಮ್ಮುಖವಾಗಿ ಕೂರಿಸುವ ಮಗುವಿನ ಆಸನವನ್ನು ಅಲ್ಲಿ ಕಟ್ಟಲು ಯಾರೋ ಸ್ವಿಚ್ ತಿರುಗಿಸಿ, ಮತ್ತೆ ಸರಿಪಡಿಸಲು ಮರೆತಿರಬಹುದು. ಮೊದಲು ಅದನ್ನು ನೋಡಿಕೊಳ್ಳಿ.

ಈ ದೀಪ ಉರಿಯುತ್ತಿದ್ದರೂ ಎಂಜಿನ್, ಬ್ರೇಕ್, ಗೇರು ಯಾವುದೂ ಬದಲಾಗುವುದಿಲ್ಲ. ಜನರು ತಿಂಗಳುಗಟ್ಟಲೆ ಹಾಗೆಯೇ ಓಡಿಸುವುದಕ್ಕೆ ಇದೇ ಕಾರಣ. ಆದರೆ ದೋಷವಿರುವಾಗ ಅಪಘಾತವಾದರೆ ಒಂದು ಏರ್‌ಬ್ಯಾಗ್ ಮಾತ್ರ ತೆರೆಯದಿರಬಹುದು, ಅಥವಾ ಇಡೀ ವ್ಯವಸ್ಥೆಯೇ ಕೆಲಸ ಮಾಡದಿರಬಹುದು. ಯಾವುದು ಎಂಬುದನ್ನು ದೀಪ ಹೇಳುವುದಿಲ್ಲ. ಸೀಟ್ ಬೆಲ್ಟ್ ಕಟ್ಟಿಕೊಂಡು ನಿಧಾನವಾಗಿ ಕಾರ್ಯಾಗಾರದವರೆಗೆ ಓಡಿಸುವುದಕ್ಕೆ ಅಡ್ಡಿಯಿಲ್ಲ. ಮನೆಮಂದಿಯನ್ನು ಕೂರಿಸಿಕೊಂಡು ಊರಿಗೆ ಹೊರಡುವುದಕ್ಕೆ ಮುನ್ನ ಮಾತ್ರ ಇದನ್ನು ಸರಿಪಡಿಸಿಕೊಳ್ಳಬೇಕು.

ದೀಪ ಅಳೆಯುವುದು ಏನನ್ನು?

ಗೇರ್ ಲಿವರಿನ ಮುಂದೆ, ನಡುವಿನ ಕನ್ಸೋಲಿನ ಕೆಳಗೆ, ಕಾರಿನ ನೆಲಕ್ಕೆ ಬೋಲ್ಟ್ ಮಾಡಿದ ಲೋಹದ ಪೆಟ್ಟಿಗೆಯೊಂದು ಸಾಮಾನ್ಯವಾಗಿ ಇರುತ್ತದೆ. ಇದೇ ಏರ್‌ಬ್ಯಾಗ್ ನಿಯಂತ್ರಣ ಘಟಕ. ಮೆಕ್ಯಾನಿಕ್‌ಗಳು ಮಾಡ್ಯೂಲ್ ಎನ್ನುತ್ತಾರೆ. ಇದರಿಂದ ಸ್ಟಿಯರಿಂಗ್ ಏರ್‌ಬ್ಯಾಗಿಗೆ, ಡ್ಯಾಶ್‌ಬೋರ್ಡಿನ ಏರ್‌ಬ್ಯಾಗಿಗೆ, ಸೀಟ್ ಬೆಲ್ಟನ್ನು ಅಪಘಾತದ ಕ್ಷಣದಲ್ಲಿ ಬಿಗಿಯಾಗಿ ಎಳೆಯುವ ಪ್ರಿಟೆನ್ಷನರ್‌ಗಳಿಗೆ, ಕಾರಿನ ಮುಂಭಾಗದ ಡಿಕ್ಕಿ ಸೆನ್ಸರ್‌ಗಳಿಗೆ, ಬಕಲ್‌ನೊಳಗಿನ ಸ್ವಿಚ್ಚಿಗೆ ಬೇರೆ ಬೇರೆ ತಂತಿಗಳು ಹೋಗುತ್ತವೆ. ಆರು ಏರ್‌ಬ್ಯಾಗುಗಳ ಕಾರಾದರೆ ಆಸನದ ಪಕ್ಕದವೂ ಮೇಲ್ಛಾವಣಿಯ ಅಂಚಿನವೂ ಇದಕ್ಕೆ ಸೇರುತ್ತವೆ. ಈ ತಂತಿಗಳ ಹೊದಿಕೆ ಮತ್ತು ಅವನ್ನು ಒಂದಕ್ಕೊಂದು ಜೋಡಿಸುವ ಕಪ್ಲರ್‌ಗಳಿಗೆ ಬಹುತೇಕ ಎಲ್ಲ ಕಂಪನಿಗಳೂ ಹಳದಿ ಬಣ್ಣವನ್ನೇ ಬಳಸುತ್ತವೆ. ಕಾರಿನೊಳಗೆ ಹಳದಿ ಕಪ್ಲರ್ ಕಂಡರೆ ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು ಎಂಬ ಸಂಕೇತವದು.

ಪ್ರತಿಯೊಂದು ಏರ್‌ಬ್ಯಾಗಿನ ಒಳಗೆ ಕಿಡಿ ಹುಟ್ಟಿಸುವ ಪುಟ್ಟ ಸಾಧನವಿದೆ. ಅದರ ವಿದ್ಯುತ್ ರೋಧ ಸುಮಾರು 2 ಓಮ್ ಮಾತ್ರ. ಕಾರು ಚಾಲನೆಯಲ್ಲಿರುವಷ್ಟು ಹೊತ್ತೂ ಮಾಡ್ಯೂಲ್ ಈ ದಾರಿಯಲ್ಲಿ, ಕಿಡಿ ಹುಟ್ಟಿಸಲು ಸಾಲದಷ್ಟು ಸಣ್ಣ ವಿದ್ಯುತ್ತನ್ನು ಹರಿಸಿ ರೋಧವನ್ನು ಅಳೆಯುತ್ತಲೇ ಇರುತ್ತದೆ. ಕಪ್ಲರಿನ ಪಿನ್ನಿನ ಮೇಲೆ ತೆಳುವಾದ ಕಿಲುಬು ಕೂತು ರೋಧ ಒಂದೆರಡು ಓಮ್ ಹೆಚ್ಚಾದರೂ ಸಾಕು, ಅಳತೆ ಮಿತಿ ಮೀರಿ ದೀಪ ಹೊತ್ತಿಕೊಳ್ಳುತ್ತದೆ. ಹೆಡ್‌ಲೈಟಿನ ತಂತಿಯಲ್ಲಿ ಅಷ್ಟು ಕಿಲುಬಿದ್ದರೆ ನಮ್ಮ ಗಮನಕ್ಕೆ ಬಾರದೆಯೂ ಹೋಗಬಹುದು. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನ ಹುಡುಕಾಟವೆಲ್ಲ ಸುಲಭವಾಗುತ್ತದೆ: ದೀಪ ಉರಿದಾಗ ಕೆಟ್ಟಿರುವುದು ಏರ್‌ಬ್ಯಾಗೇ ಆಗಿರುವುದು ಅಪರೂಪ, ಅಲ್ಲಿಗೆ ಹೋಗುವ ದಾರಿಯ ಕಪ್ಲರೋ ತಂತಿಯೋ ಸಡಿಲವಾಗಿರುವುದೇ ಹೆಚ್ಚು.

ಭಾರತದಲ್ಲಿ ಚಾಲಕನ ಏರ್‌ಬ್ಯಾಗ್ 2019ರ ಜುಲೈ 1ರಿಂದಲೂ, ಮುಂದಿನ ಸಹಪ್ರಯಾಣಿಕನದ್ದು ಹೊಸ ಮಾದರಿಗಳಿಗೆ 2021ರ ಏಪ್ರಿಲ್ 1ರಿಂದಲೂ ಕಡ್ಡಾಯವಾದ ಮೇಲೆ ಅತಿ ಕಡಿಮೆ ಬೆಲೆಯ ಕಾರುಗಳಿಗೂ ಈ ವ್ಯವಸ್ಥೆ ಬಂದಿತು. ಆ ಕಾರುಗಳು ಈಗ ಕಂಪನಿಯ ವಾರಂಟಿ ಮುಗಿಸಿ ಬೀದಿಬದಿಯ ಗ್ಯಾರೇಜುಗಳಿಗೆ ಬರುತ್ತಿವೆ. ಎಂಜಿನ್ನಿನ ಕೆಲಸದಲ್ಲಿ ಪಳಗಿದ ಕೈಗಳೆಲ್ಲ ಹಳದಿ ತಂತಿಯ ಕೆಲಸದಲ್ಲೂ ಪಳಗಿವೆ ಎನ್ನಲಾಗದು. ಆದ್ದರಿಂದ ಮಾಲೀಕರೂ ಒಂದಿಷ್ಟು ತಿಳಿದಿರುವುದು ಒಳ್ಳೆಯದು.

ಕೈಹಾಕುವ ಮುನ್ನ

ಏರ್‌ಬ್ಯಾಗ್ ಎಂದರೆ ಬಟ್ಟೆಯ ಚೀಲವಷ್ಟೇ ಅಲ್ಲ. ಅದರ ಹಿಂದೆ ರಾಸಾಯನಿಕ ಮದ್ದು ತುಂಬಿದ ಲೋಹದ ಡಬ್ಬಿಯಿದೆ. ಅದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ, ಒಂದು ಸೆಕೆಂಡಿನ ನೂರರಲ್ಲಿ ಮೂರು ನಾಲ್ಕು ಪಾಲಿನೊಳಗೆ ಚೀಲವನ್ನು ತುಂಬುತ್ತದೆ. ಬೆಲ್ಟ್ ಕಟ್ಟಿಕೊಂಡು ತಕ್ಕ ದೂರದಲ್ಲಿ ಕೂತವರನ್ನು ಕಾಪಾಡುವ ಆ ಬಲವೇ, ಸ್ಟಿಯರಿಂಗಿನ ಮೇಲೆ ಬಗ್ಗಿ ಕೆಲಸ ಮಾಡುತ್ತಿರುವವರ ಮುಖ ಮತ್ತು ತೋಳುಗಳನ್ನು ಮುರಿಯಬಲ್ಲದು.

ಹಾಗಾಗಿ ಯಾವುದೇ ಹಳದಿ ಕಪ್ಲರ್ ಬಿಚ್ಚುವ ಮುನ್ನ ಇಗ್ನಿಷನ್ ಆಫ್ ಮಾಡಿ, ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಅದು ಮತ್ತೆ ತಾಗದಂತೆ ಬಟ್ಟೆ ಸುತ್ತಿ ಪಕ್ಕಕ್ಕಿಡಬೇಕು. ಅಷ್ಟಕ್ಕೇ ಕೆಲಸ ಶುರು ಮಾಡಬಾರದು. ಡಿಕ್ಕಿಯಲ್ಲಿ ಬ್ಯಾಟರಿ ನುಜ್ಜುಗುಜ್ಜಾದರೂ ಏರ್‌ಬ್ಯಾಗ್ ತೆರೆಯಬೇಕೆಂದು ಮಾಡ್ಯೂಲಿನ ಒಳಗೆ ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರ್ ಇಟ್ಟಿರುತ್ತಾರೆ. ಅದರಲ್ಲಿ ಉಳಿದ ವಿದ್ಯುತ್ ಇಳಿದುಹೋಗಲು ಸಮಯ ಬೇಕು. ಟೊಯೊಟಾ ಕೈಪಿಡಿಗಳು ಕನಿಷ್ಠ 90 ಸೆಕೆಂಡು ಕಾಯಲು ಹೇಳಿದರೆ ಹೋಂಡಾದವು 3 ನಿಮಿಷ ಎನ್ನುತ್ತವೆ. ನಿಮ್ಮ ಕಾರಿನ ಲೆಕ್ಕ ಏನೇ ಇರಲಿ, ಹತ್ತು ನಿಮಿಷ ಕಾದರೆ ಕಳೆದುಕೊಳ್ಳುವುದು ಏನೂ ಇಲ್ಲ. ಒಂದು ಲೋಟ ಚಹಾ ಕುಡಿದು ಬನ್ನಿ. ಸ್ಟೀರಿಯೊಗೆ ಕೋಡ್ ಬೇಕಾಗುವ ಕಾರಾದರೆ ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಎರಡನೆಯ ನಿಷೇಧ ಇನ್ನೂ ಮುಖ್ಯವಾದದ್ದು. ಏರ್‌ಬ್ಯಾಗಿನ ಅಥವಾ ಪ್ರಿಟೆನ್ಷನರಿನ ಪಿನ್ನುಗಳಿಗೆ ಮಲ್ಟಿಮೀಟರ್ ಆಗಲಿ ಟೆಸ್ಟ್ ಲ್ಯಾಂಪ್ ಆಗಲಿ ಎಂದಿಗೂ ಹಿಡಿಯಬಾರದು. ಓಮ್ ಅಳೆಯಲು ಮೀಟರ್ ತಾನೇ ಸ್ವಲ್ಪ ವಿದ್ಯುತ್ ಹರಿಸುತ್ತದೆ. ಟೆಸ್ಟ್ ಲ್ಯಾಂಪ್ ಹರಿಸುವ ವಿದ್ಯುತ್ತಂತೂ ಕಿಡಿ ಹುಟ್ಟಿಸಲು ಸಾಕಾಗಬಹುದು. ‘ಎರಡು ಓಮ್ ಇದೆಯೋ ಇಲ್ಲವೋ ಒಮ್ಮೆ ನೋಡಿಬಿಡೋಣ’ ಎನ್ನುವ ಕುತೂಹಲ ಬಾರದವರಿಲ್ಲ; ಆ ಕೆಲಸವನ್ನು, ಮಾಡ್ಯೂಲ್ ದಾಖಲಿಸಿದ ದೋಷದ ಕೋಡುಗಳನ್ನು ಓದುವ ಸ್ಕ್ಯಾನರ್ ಮಾಡಲಿ.

ಉಪಕರಣವಿಲ್ಲದೆ ನೋಡಬಹುದಾದದ್ದು

ಮೊದಲ ಪ್ರಶ್ನೆಯನ್ನು ಕಾರಿಗಲ್ಲ, ನಿಮಗೆ ನೀವೇ ಕೇಳಿಕೊಳ್ಳಿ: ದೀಪ ಹೊತ್ತಿಕೊಳ್ಳುವ ಹಿಂದಿನ ವಾರ ಕಾರಿಗೆ ಏನೇನು ಆಯಿತು? ಸೀಟ್ ಕವರ್ ಹಾಕಿಸಿದಿರಾ, ಒಳಭಾಗ ತೊಳೆಯಲು ಕೊಟ್ಟಿದ್ದಿರಾ, ಸ್ಟೀರಿಯೊ ಬದಲಾಯಿಸಿದಿರಾ, ಬ್ಯಾಟರಿ ಕೆಳಗಿಳಿದು ಬೇರೆ ಕಾರಿನಿಂದ ಜಂಪ್ ಕೊಟ್ಟು ಸ್ಟಾರ್ಟ್ ಮಾಡಿದಿರಾ, ಮಳೆನೀರು ಒಳಗೆ ಬಂದಿತ್ತೇ, ಸ್ಟಿಯರಿಂಗ್ ಕೆಲಸ ಏನಾದರೂ ಆಯಿತೇ? ಈ ಪ್ರಶ್ನೆಗಳಲ್ಲಿ ಒಂದಕ್ಕೆ ಹೌದು ಎಂದಾದರೆ, ಅರ್ಧ ಹುಡುಕಾಟ ಮುಗಿದಂತೆ.

ನನ್ನ ಸ್ವಂತ ಅನುಭವವೂ ಇದೇ ಬಗೆಯದು. ಆಸನಗಳನ್ನು ಬಿಚ್ಚಿ ತೊಳೆಸಿದ ಮಾರನೆಯ ದಿನ ದೀಪ ಹೊತ್ತಿಕೊಂಡಿತು. ಒಂದು ಕಾರ್ಯಾಗಾರದವರು ಕೋಡನ್ನೂ ಓದದೆ, ಮಾಡ್ಯೂಲೇ ಹೋಗಿದೆ ಎಂದು ದೊಡ್ಡ ಮೊತ್ತದ ಅಂದಾಜು ಪಟ್ಟಿ ಬರೆದುಕೊಟ್ಟರು. ಇನ್ನೊಬ್ಬ ಎಲೆಕ್ಟ್ರಿಷಿಯನ್ ಟಾರ್ಚ್ ಹಿಡಿದು ಆಸನದ ಕೆಳಗೆ ಬಗ್ಗಿ ನೋಡಿದಾಗ ಕಂಡದ್ದು, ಅರ್ಧ ಮಾತ್ರ ಕೂತಿದ್ದ ಹಳದಿ ಕಪ್ಲರ್.

ಮುಂದಿನ ಎರಡೂ ಆಸನಗಳ ಕೆಳಗಿನ ಜಾಗ ಇಂಥ ದೋಷಗಳ ತವರುಮನೆ. ಆಸನವನ್ನು ದಿನವೂ ಹಿಂದೆ ಮುಂದೆ ಸರಿಸುವುದರಿಂದ ತಂತಿಗಳು ಎಳೆದಾಡಲ್ಪಡುತ್ತವೆ. ಅಲ್ಲಿ ತುರುಕಿದ ಛತ್ರಿ, ನೀರಿನ ಬಾಟಲಿ, ಮಕ್ಕಳ ಆಟಿಕೆ ಕಪ್ಲರಿಗೆ ತಾಗುತ್ತವೆ. ವ್ಯಾಕ್ಯೂಮ್ ಕ್ಲೀನರಿನ ಮೂತಿ ಒಮ್ಮೊಮ್ಮೆ ಅದನ್ನು ಸಡಿಲಿಸಿಬಿಡುತ್ತದೆ. ಟಾರ್ಚ್ ಹಾಕಿ, ಏನನ್ನೂ ಮುಟ್ಟದೆ, ಕಪ್ಲರ್ ಪೂರ್ತಿ ಕೂತಿದೆಯೇ, ತಂತಿ ಆಸನದ ಹಳಿಗೆ ಸಿಕ್ಕಿಕೊಂಡು ಜಜ್ಜಿದೆಯೇ, ಕಾರ್ಪೆಟ್ ಒದ್ದೆಯಾಗಿದೆಯೇ ಎಂದು ನೋಡಿ. ಇಲಿಯ ಹಿಕ್ಕೆ ಕಂಡರೆ ಕಥೆ ಬೇರೆಯೇ ಆಗುತ್ತದೆ. ತೋಟದ ಮನೆಗಳಲ್ಲೂ ಅಪಾರ್ಟ್‌ಮೆಂಟಿನ ನೆಲಮಾಳಿಗೆಗಳಲ್ಲೂ ಬಹಳ ದಿನ ನಿಂತ ಕಾರುಗಳ ತಂತಿಗೆ ಇಲಿ ಹೆಗ್ಗಣಗಳು ಹಲ್ಲು ಹಾಕುವುದು ನಮ್ಮಲ್ಲಿ ಹೊಸತಲ್ಲ.

ಮುಂದಿನ ಪರೀಕ್ಷೆ ಹಾರ್ನಿನದು. ಏರ್‌ಬ್ಯಾಗ್ ದೀಪದ ಜೊತೆಗೆ ಹಾರ್ನ್ ಕೆಲಸ ನಿಲ್ಲಿಸಿದ್ದರೆ, ಅಥವಾ ಸ್ಟಿಯರಿಂಗ್ ಮೇಲಿನ ಆಡಿಯೊ ಗುಂಡಿಗಳು ಒಮ್ಮೆ ಕೆಲಸ ಮಾಡಿ ಇನ್ನೊಮ್ಮೆ ಮಾಡದಿದ್ದರೆ, ಸ್ಟಿಯರಿಂಗ್ ಕೆಳಗಿನ ಕ್ಲಾಕ್ ಸ್ಪ್ರಿಂಗ್ (ತಿರುಗುವ ಸ್ಟಿಯರಿಂಗಿಗೆ ವಿದ್ಯುತ್ ಸಂಪರ್ಕ ಕೊಡುವ ಸುರುಳಿ ತಂತಿ) ತುಂಡಾಗಿರುವ ಸಾಧ್ಯತೆ ಬಹಳ ಹೆಚ್ಚು. ಖರ್ಚಿಲ್ಲದೆ ಇಷ್ಟು ಖಚಿತ ಸುಳಿವು ಕೊಡುವ ಪರೀಕ್ಷೆ ಇನ್ನೊಂದಿಲ್ಲ.

ಬ್ಯಾಟರಿಯ ವೋಲ್ಟೇಜನ್ನು ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ಮಲ್ಟಿಮೀಟರಿನಿಂದ ಅಳೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೆ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಸೋತ ಬ್ಯಾಟರಿಯಲ್ಲಿ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದು ಮಾಡ್ಯೂಲ್ ದೋಷ ದಾಖಲಿಸುವುದುಂಟು. ಬ್ಯಾಟರಿ ಬದಲಾಯಿಸಿ ಕೋಡ್ ಅಳಿಸಿದರೆ ದೀಪ ಮತ್ತೆ ಬರುವುದಿಲ್ಲ. ಬಕಲ್ ಕೂಡ ನೋಡಿ. ಅದರ ಬಾಯಿಯೊಳಗೆ ನಾಣ್ಯ, ಕುರುಕಲು ತಿಂಡಿಯ ಚೂರು, ಚೆಲ್ಲಿದ ಕಾಫಿಯ ಅಂಟು ಸೇರಿ ಒಳಗಿನ ಸ್ವಿಚ್ ಕೆಡುತ್ತದೆ. ಬೆಲ್ಟ್ ಕಟ್ಟದೆಯೂ ಅಲಾರಾಂ ನಿಲ್ಲಿಸಲೆಂದು ತುರುಕುವ ಕ್ಲಿಪ್ ಅಲ್ಲಿದ್ದರೆ ಕಿತ್ತೆಸೆಯಿರಿ. ಅನೇಕ ಕಾರುಗಳಲ್ಲಿ ಬೆಲ್ಟ್ ಕಟ್ಟಿದೆಯೋ ಇಲ್ಲವೋ ಎಂಬುದನ್ನು ಗಮನಿಸಿಯೇ ಮಾಡ್ಯೂಲ್ ತೀರ್ಮಾನ ತೆಗೆದುಕೊಳ್ಳುತ್ತದೆ. ಕ್ಲಿಪ್ ಅದಕ್ಕೆ ಸುಳ್ಳು ಹೇಳುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರಲ್ಲಿ ಇಂಥ ಕ್ಲಿಪ್ಪುಗಳನ್ನು ಆನ್‌ಲೈನ್ ಮಳಿಗೆಗಳಿಂದ ತೆಗೆಸಿತು.

ಕೋಡ್ ಓದುವುದು

ಕಣ್ಣಿಗೆ ಏನೂ ಕಾಣದಿದ್ದರೆ ಸ್ಕ್ಯಾನಿಂಗ್ ಮಾಡಿಸಬೇಕು. ಸ್ಟಿಯರಿಂಗ್ ಕೆಳಗೆ, ಚಾಲಕನ ಮೊಣಕಾಲಿನ ಸಮೀಪ ಇರುವ ಸ್ಕ್ಯಾನರ್ ಜೋಡಿಸುವ 16 ಪಿನ್ನಿನ ಒಬಿಡಿ ಸಾಕೆಟ್ಟಿಗೆ ಚುಚ್ಚಿ ಮೊಬೈಲಿನಲ್ಲಿ ನೋಡುವ ಅಗ್ಗದ ಬ್ಲೂಟೂತ್ ಸಾಧನಗಳು ಸಾಮಾನ್ಯವಾಗಿ ಎಂಜಿನ್ನಿಗೆ ಸಂಬಂಧಿಸಿದ, ‘ಪಿ’ ಅಕ್ಷರದಿಂದ ಆರಂಭವಾಗುವ ಕೋಡುಗಳನ್ನು ಮಾತ್ರ ಓದುತ್ತವೆ. ಏರ್‌ಬ್ಯಾಗಿನ ಕೋಡುಗಳು ಹೆಚ್ಚಾಗಿ ‘ಬಿ’ ಅಕ್ಷರದಿಂದ ಆರಂಭವಾಗುತ್ತವೆ. ಅವನ್ನು ಓದಲು ಏರ್‌ಬ್ಯಾಗ್ ಮಾಡ್ಯೂಲಿನೊಡನೆ ಮಾತನಾಡಬಲ್ಲ ಸ್ಕ್ಯಾನರ್ ಬೇಕು. ಅಗ್ಗದ ಸಾಧನ ‘ಯಾವ ದೋಷವೂ ಇಲ್ಲ’ ಎಂದು ತೋರಿಸಿದರೆ, ಅದು ಏರ್‌ಬ್ಯಾಗ್ ಮಾಡ್ಯೂಲನ್ನು ಕೇಳಿಯೇ ಇಲ್ಲ ಎಂದರ್ಥ. ಹಣ ಕೊಡುವ ಮುನ್ನ ‘ಏರ್‌ಬ್ಯಾಗ್ ಕೋಡ್ ಓದುವ ಸ್ಕ್ಯಾನರ್ ಇದೆಯೇ’ ಎಂದು ಕೇಳಿಕೊಳ್ಳಿ.

ಕೋಡನ್ನು ಅಳಿಸುವ ಮುನ್ನ ಬರೆದಿಟ್ಟುಕೊಳ್ಳುವುದು, ಅಥವಾ ಪರದೆಯ ಫೋಟೊ ತೆಗೆದುಕೊಳ್ಳುವುದು ಅತ್ಯಗತ್ಯ. ಹಲವು ಕಡೆ ಹುಡುಗರು ಸ್ಕ್ಯಾನರ್ ಚುಚ್ಚಿದ ಕೂಡಲೇ ಅಳಿಸುವ ಗುಂಡಿ ಒತ್ತುತ್ತಾರೆ. ದೀಪ ಆರುತ್ತದೆ, ಗಿರಾಕಿ ಸಂತೋಷದಿಂದ ಹೋಗುತ್ತಾನೆ, ಮೂರನೆಯ ದಿನ ದೀಪ ಮರಳಿ ಬರುತ್ತದೆ, ದೋಷ ಎಲ್ಲಿತ್ತು ಎಂಬ ಏಕೈಕ ಸಾಕ್ಷಿ ಅಳಿಸಿಹೋಗಿರುತ್ತದೆ. ಕೋಡಿನ ಪಕ್ಕದಲ್ಲಿ ಅದು ಈಗ ಇರುವ ದೋಷವೋ ಹಿಂದೆ ಇದ್ದು ಹೋದದ್ದೋ ಎಂಬುದನ್ನೂ ಸ್ಕ್ಯಾನರ್ ತೋರಿಸುತ್ತದೆ. ಹಿಂದಿನ ದೋಷ ಎಂದಿದ್ದರೆ ಸಡಿಲ ಕಪ್ಲರ್ ಅಥವಾ ಬ್ಯಾಟರಿಯ ಕಡೆಗೆ ಮೊದಲು ಅನುಮಾನ ಹೋಗಬೇಕು.

ಕೋಡಿನ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹ್ಯುಂಡೈ ಕಾರುಗಳನ್ನೇ ಉದಾಹರಣೆಗೆ ತೆಗೆದುಕೊಂಡರೆ, ಬಿ1346 ಎಂದರೆ ಚಾಲಕನ ಏರ್‌ಬ್ಯಾಗ್ ದಾರಿಯ ರೋಧ ಹೆಚ್ಚಾಗಿದೆ, ಬಿ1347 ಎಂದರೆ ಕಡಿಮೆಯಾಗಿದೆ, ಬಿ1102 ಎಂದರೆ ಬ್ಯಾಟರಿ ವೋಲ್ಟೇಜ್ ತಗ್ಗಿದೆ, ಬಿ1620 ಎಂದರೆ ಮಾಡ್ಯೂಲಿನ ಒಳಗೇ ದೋಷವಿದೆ. ಇಲ್ಲಿ ‘ಹೆಚ್ಚು’ ಮತ್ತು ‘ಕಡಿಮೆ’ ಎಂಬ ಪದಗಳಲ್ಲಿ ಬಹಳಷ್ಟು ವಿಷಯ ಅಡಗಿದೆ. ರೋಧ ಹೆಚ್ಚು ಎಂದರೆ ತಂತಿ ತುಂಡಾಗಿದೆ, ಪಿನ್ ಕಿಲುಬು ಹಿಡಿದಿದೆ, ಅಥವಾ ಕ್ಲಾಕ್ ಸ್ಪ್ರಿಂಗ್ ಹರಿದಿದೆ. ರೋಧ ಕಡಿಮೆ ಎಂದರೆ ಎರಡು ತಂತಿಗಳು ಎಲ್ಲೋ ಒಂದಕ್ಕೊಂದು ತಾಗಿವೆ. ಹೊಸಬರು ಎಡವುವುದು ಇಲ್ಲೇ: ಹಳದಿ ಕಪ್ಲರಿನ ಒಳಗೆ ಒಂದು ಸಣ್ಣ ಲೋಹದ ಪಟ್ಟಿಯಿದೆ, ಕಪ್ಲರ್ ಬಿಚ್ಚಿದಾಗ ಅದು ಏರ್‌ಬ್ಯಾಗಿನ ಎರಡೂ ಪಿನ್ನುಗಳನ್ನು ಪರಸ್ಪರ ಕೂಡಿಸಿ, ಆಕಸ್ಮಿಕ ವಿದ್ಯುತ್ತಿನಿಂದ ಚೀಲ ಸಿಡಿಯದಂತೆ ಕಾಯುತ್ತದೆ. ಕಪ್ಲರ್ ಪೂರ್ತಿ ಕೂತಾಗ ಮಾತ್ರ ಆ ಪಟ್ಟಿ ಬೇರ್ಪಡುತ್ತದೆ. ಅರ್ಧ ಕೂತ ಕಪ್ಲರಿನಲ್ಲಿ ಪಿನ್ನುಗಳು ತಾಗಿದ್ದರೂ ಪಟ್ಟಿ ಬೇರ್ಪಟ್ಟಿರುವುದಿಲ್ಲ, ಆದ್ದರಿಂದ ಮಾಡ್ಯೂಲಿಗೆ ‘ರೋಧ ಕಡಿಮೆ’ ಎಂದು ಕಾಣುತ್ತದೆ. ಆ ಕೋಡ್ ಬಂದಾಗ ಹೊಸ ಏರ್‌ಬ್ಯಾಗ್ ತರಿಸುವ ಮೊದಲು ಕಪ್ಲರನ್ನು ಬಿಚ್ಚಿ ಮತ್ತೆ ಸರಿಯಾಗಿ ಕೂರಿಸಿ ನೋಡಬೇಕು.

ಒಳ್ಳೆಯ ಸ್ಕ್ಯಾನರ್‌ಗಳು ಪ್ರತಿ ದಾರಿಯ ರೋಧವನ್ನು ಓಮ್ ಲೆಕ್ಕದಲ್ಲಿ ನೇರವಾಗಿ ತೋರಿಸುತ್ತವೆ. ಅಂಥದ್ದು ಸಿಕ್ಕರೆ, ಪರದೆಯನ್ನು ನೋಡುತ್ತಾ ಆಸನವನ್ನು ಹಿಂದಿನ ತುದಿಯಿಂದ ಮುಂದಿನ ತುದಿಯವರೆಗೆ ಸರಿಸಿ, ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಯಾವ ಚಲನೆಗೆ ಅಂಕಿ ಜಿಗಿಯುತ್ತದೋ ದೋಷ ಅಲ್ಲಿದೆ.

ಸರಿಪಡಿಸುವುದು

ಆಸನದ ಕೆಳಗಿನ ಕಪ್ಲರ್ ಕೆಲಸವನ್ನು, ಕೈ ಸ್ಥಿರವಾಗಿರುವ ಮತ್ತು ಮೇಲೆ ಹೇಳಿದ ನಿಯಮಗಳನ್ನು ಮುರಿಯದ ಮಾಲೀಕರು ತಾವೇ ಮಾಡಬಹುದು. ಆಸನವನ್ನು ಪೂರ್ತಿ ಹಿಂದಕ್ಕೆ ಅಥವಾ ಮುಂದಕ್ಕೆ ಸರಿಸಿ ಕಪ್ಲರಿಗೆ ಕೈ ಎಟಕುವಂತೆ ಮಾಡಿಕೊಳ್ಳಿ; ವಿದ್ಯುತ್ ಮೋಟಾರಿನ ಆಸನವಾದರೆ ಇದನ್ನು ಬ್ಯಾಟರಿ ಬಿಚ್ಚುವ ಮೊದಲೇ ಮಾಡಬೇಕಾಗುತ್ತದೆ. ಬಳಿಕ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕಾಯಿರಿ. ಹಳದಿ ಕಪ್ಲರುಗಳಿಗೆ ಹೆಚ್ಚಾಗಿ ಎರಡು ಬೀಗಗಳಿರುತ್ತವೆ: ಮೊದಲು ಒಂದು ಸಣ್ಣ ತುಂಡನ್ನು ಸರಿಸಿ, ಬಳಿಕ ಕೊಂಡಿಯನ್ನು ಒತ್ತಿ ಎಳೆಯಬೇಕು. ತಂತಿ ಹಿಡಿದು ಎಳೆಯಬಾರದು. ಪಿನ್ನುಗಳು ಹಸಿರುಗಟ್ಟಿವೆಯೇ, ಬಾಗಿವೆಯೇ, ಹಿಂದಕ್ಕೆ ಸರಿದಿವೆಯೇ ನೋಡಿ. ಒಣಗಿದ ಮೇಲೆ ಜಿಡ್ಡು ಉಳಿಸದ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಪೂರ್ತಿ ಆರಲು ಬಿಡಿ. ಮರಳು ಕಾಗದದಿಂದ ಉಜ್ಜಿದರೆ ಪಿನ್ನಿನ ತೆಳು ಲೇಪನ ಕಿತ್ತುಹೋಗಿ ಮುಂದಿನ ಮಳೆಗಾಲಕ್ಕೆ ಇನ್ನಷ್ಟು ಕಿಲುಬು ಹಿಡಿಯುತ್ತದೆ. ಕಪ್ಲರನ್ನು ‘ಟಕ್’ ಎನ್ನುವವರೆಗೆ ಒತ್ತಿ, ಎರಡನೆಯ ಬೀಗವನ್ನೂ ಹಾಕಿ. ತಂತಿ ಜೋಲಾಡುತ್ತಿದ್ದರೆ ಪ್ಲಾಸ್ಟಿಕ್ ಟೈನಿಂದ ಆಸನದ ಚೌಕಟ್ಟಿಗೆ ಕಟ್ಟಬಹುದು, ಆದರೆ ಆಸನ ಎರಡೂ ತುದಿಗೆ ಹೋದಾಗ ತಂತಿ ಬಿಗಿಯದಷ್ಟು ಸಡಿಲ ಉಳಿದಿರಬೇಕು.

ಬ್ಯಾಟರಿ ಮತ್ತೆ ಜೋಡಿಸುವಾಗ ಕಾರಿನೊಳಗೆ ಯಾರೂ ಇರಕೂಡದು. ಬಳಿಕ ಮೊದಲ ಸಲ ಇಗ್ನಿಷನ್ ಆನ್ ಮಾಡುವಾಗ ಆಸನದಲ್ಲಿ ಕೂರದೆ, ತಲೆಯನ್ನು ಸ್ಟಿಯರಿಂಗಿನಿಂದ ದೂರವಿಟ್ಟು, ಬಾಗಿಲ ಹೊರಗಿನಿಂದ ಕೈಚಾಚಿ ತಿರುಗಿಸಿ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರಿಗೂ ಇದೇ ಕ್ರಮ. ದೋಷ ಹೋದ ಮೇಲೆ ಕೆಲವು ಕಾರುಗಳಲ್ಲಿ ದೀಪ ತಾನಾಗಿ ಆರುತ್ತದೆ, ಹಲವುಗಳಲ್ಲಿ ಸ್ಕ್ಯಾನರಿನಿಂದ ಕೋಡ್ ಅಳಿಸಿದ ಮೇಲೆಯೇ ಆರುತ್ತದೆ.

ತುಂಡಾದ ತಂತಿಯನ್ನು ತಿರುಚಿ ಟೇಪ್ ಸುತ್ತುವುದು ಈ ವ್ಯವಸ್ಥೆಗೆ ಒಗ್ಗದ ಕೆಲಸ. ಮೊದಲೇ ಹೇಳಿದಂತೆ ಇಲ್ಲಿ ಒಂದೊಂದು ಓಮ್ ಕೂಡ ಲೆಕ್ಕಕ್ಕೆ ಬರುತ್ತದೆ. ತಿರುಚಿದ ಕೀಲು ಇಂದು ಸರಿಯಿದ್ದರೂ ನಾಳೆ ಸಡಿಲವಾಗುತ್ತದೆ. ಅನೇಕ ಕಂಪನಿಗಳು ಏರ್‌ಬ್ಯಾಗ್ ತಂತಿಯನ್ನು ರಿಪೇರಿ ಮಾಡದೆ ಆ ಭಾಗದ ತಂತಿಗಳ ಇಡೀ ಕಟ್ಟನ್ನೇ (ಹಾರ್ನೆಸ್) ಬದಲಾಯಿಸಲು ಹೇಳುತ್ತವೆ. ಇಲಿ ಕಡಿದ ಕಾರಿನಲ್ಲಿ ಇದು ದುಬಾರಿಯಾಗುವುದು ನಿಜ.

ಕ್ಲಾಕ್ ಸ್ಪ್ರಿಂಗ್ ವಿಷಯಕ್ಕೆ ಬಂದರೆ, ಮಾಲೀಕರು ಮಾಡುವ ಕೆಲಸ ಇಲ್ಲಿಗೆ ನಿಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಇದಕ್ಕಾಗಿ ಚಾಲಕನ ಏರ್‌ಬ್ಯಾಗನ್ನೂ ಸ್ಟಿಯರಿಂಗ್ ಚಕ್ರವನ್ನೂ ಬಿಚ್ಚಬೇಕು. ಆದರೂ ಕೆಲಸ ಹೇಗಾಗಬೇಕೆಂದು ತಿಳಿದಿದ್ದರೆ ಪಕ್ಕದಲ್ಲಿ ನಿಂತು ನೋಡಬಹುದು. ಹಳೆಯ ಕ್ಯಾಸೆಟ್ಟಿನ ಟೇಪಿನಂತೆ ಸುರುಳಿ ಸುತ್ತಿದ ಚಪ್ಪಟೆ ತಂತಿಯ ಡಬ್ಬಿ ಅದು. ತಿರುಗುವ ಸ್ಟಿಯರಿಂಗಿಗೂ ತಿರುಗದ ಕಾಲಮ್ಮಿಗೂ ನಡುವೆ ವಿದ್ಯುತ್ ಸಂಪರ್ಕ ಉಳಿಸುವುದು ಅದರ ಕೆಲಸ. ಅದು ನಡು ಸ್ಥಾನದಿಂದ ಎರಡೂ ಕಡೆಗೆ ಕೆಲವೇ ಸುತ್ತು ತಿರುಗಬಲ್ಲದು. ಮುಂದಿನ ಚಕ್ರಗಳನ್ನು ನೇರಕ್ಕೆ ನಿಲ್ಲಿಸಿ, ಹೊಸ ಡಬ್ಬಿಯ ಮೇಲಿನ ಗುರುತುಗಳನ್ನು ನಡುವಿಗೆ ಹೊಂದಿಸಿ ಕೂರಿಸದಿದ್ದರೆ, ಮೊದಲ ಪೂರ್ಣ ತಿರುವಿನಲ್ಲೇ ಒಳಗಿನ ಪಟ್ಟಿ ಹರಿದುಹೋಗುತ್ತದೆ. ಸ್ಟಿಯರಿಂಗ್ ರ‍್ಯಾಕ್ ಕೆಲಸಕ್ಕೆ ಕಾಲಮ್ ಬಿಚ್ಚಿದಾಗ ಯಾರಾದರೂ ಸುಮ್ಮನೆ ಚಕ್ರ ತಿರುಗಿಸಿದರೂ ಇದೇ ಗತಿ. ರ‍್ಯಾಕ್ ರಿಪೇರಿಯ ಮಾರನೆಯ ದಿನ ದೀಪ ಹೊತ್ತಿಕೊಂಡರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬಿಚ್ಚಿದ ಏರ್‌ಬ್ಯಾಗನ್ನು ಎತ್ತಿಕೊಳ್ಳುವಾಗ ಅದರ ಮುಖ ಮೈಯಿಂದ ಹೊರಕ್ಕಿರಬೇಕು, ಮೇಜಿನ ಮೇಲಿಡುವಾಗ ಮುಖ ಮೇಲಕ್ಕಿರಬೇಕು. ಬೋರಲು ಇಟ್ಟಿದ್ದು ಅಕಸ್ಮಾತ್ ಸಿಡಿದರೆ ಲೋಹದ ಭಾಗವೇ ಮೇಲಕ್ಕೆ ಹಾರುತ್ತದೆ. ಈ ಎರಡು ನಿಯಮ ಪಾಲಿಸದ ಕೈಗೆ ಆ ಕೆಲಸ ಒಪ್ಪಿಸಬೇಡಿ.

ಮಾಡ್ಯೂಲ್ ಕೆಡುವುದಕ್ಕೆ ನಮ್ಮಲ್ಲಿ ಒಂದು ದೊಡ್ಡ ಕಾರಣ ನೀರು. ಅದು ಕೂತಿರುವುದೇ ನೆಲಕ್ಕಂಟಿಕೊಂಡು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ಆದಂತೆ ಕಾರಿನೊಳಗೆ ನೀರು ನುಗ್ಗಿದರೆ ಮೊದಲು ಮುಳುಗುವ ಭಾಗಗಳಲ್ಲಿ ಅದೂ ಒಂದು. ಒಣಗಿಸಿ ಮತ್ತೆ ಬಳಸುವ ವಸ್ತು ಅದಲ್ಲ. ಹೊಸದನ್ನು ಕೂರಿಸುವಾಗ ಅದರ ಮೇಲಿನ ಬಾಣದ ಗುರುತು ಕಾರಿನ ಮುಂದಕ್ಕಿರಬೇಕು, ಬೋಲ್ಟುಗಳನ್ನು ಹೇಳಿದಷ್ಟೇ ಬಿಗಿಯಬೇಕು. ಡಿಕ್ಕಿಯ ಹೊಡೆತವನ್ನು ಅಳೆಯುವ ಸೆನ್ಸರ್ ಅದರೊಳಗೂ ಇರುವುದರಿಂದ ಸಡಿಲ ಮಾಡ್ಯೂಲ್ ತಪ್ಪು ಅಳತೆ ಕೊಡುತ್ತದೆ. ಇದೇ ಕಾರಣಕ್ಕೆ ಗುಜರಿಯಿಂದ ತಂದ ಮಾಡ್ಯೂಲ್ ಬೇಡ. ಅದು ಬೇರೆ ಮಾದರಿಯ ಕಾರಿನದಾಗಿರಬಹುದು, ಹಿಂದಿನ ಅಪಘಾತದ ದಾಖಲೆ ಅದರೊಳಗೆ ಉಳಿದಿರಬಹುದು.

ಕರಾವಳಿಯಲ್ಲಿ ಬಂಪರಿನ ಹಿಂದಿನ ಡಿಕ್ಕಿ ಸೆನ್ಸರುಗಳ ಕಪ್ಲರಿಗೆ ಉಪ್ಪುಗಾಳಿಯಿಂದ ಕಿಲುಬು ಹಿಡಿಯುತ್ತದೆ. ಬಂಪರಿನ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿದ್ದರೆ ಅದು ದೀಪ ಹೊತ್ತಿಸುವುದಿಲ್ಲ, ಆದರೆ ಹೊಡೆತ ಸೆನ್ಸರಿಗೆ ತಲುಪುವ ಬಗೆಯನ್ನೇ ಬದಲಾಯಿಸುತ್ತದೆ, ತೆಗೆಸಿಬಿಡುವುದೇ ಲೇಸು. ಆಸನದ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಸಾಮಾನ್ಯ ಸೀಟ್ ಕವರ್ ಹೊಲಿಸುವುದೂ ಇದೇ ಬಗೆಯ ತಪ್ಪು: ಚೀಲ ಹೊರಬರುವ ಬಾಯಿಯನ್ನೇ ಕವರು ಮುಚ್ಚುತ್ತದೆ.

ಆರಿದ ದೀಪವನ್ನು ಯಾವಾಗ ನಂಬಬಾರದು

ಹಳೆಯ ಕಾರು ಕೊಳ್ಳುವವರು ಈ ಭಾಗವನ್ನು ಗಮನವಿಟ್ಟು ಓದಬೇಕು. ಮಾಡ್ಯೂಲ್ ಅಳೆಯುವುದು ರೋಧವನ್ನು ಎಂದು ಹೇಳಿದೆನಷ್ಟೆ. ಅಪಘಾತದಲ್ಲಿ ಸಿಡಿದ ಏರ್‌ಬ್ಯಾಗಿನ ಜಾಗದಲ್ಲಿ ಕೆಲವೇ ರೂಪಾಯಿಯ 2 ಓಮ್ ರೆಸಿಸ್ಟರ್ ಒಂದನ್ನು ಬೆಸೆದು, ಮೇಲೆ ಹೊಸ ಮುಚ್ಚಳ ಅಂಟಿಸಿದರೆ, ಮಾಡ್ಯೂಲ್ ಮೋಸಹೋಗುತ್ತದೆ, ದೀಪ ಸರಿಯಾಗಿ ಆರುತ್ತದೆ, ಒಳಗೆ ಚೀಲವೇ ಇರುವುದಿಲ್ಲ. ಇದಕ್ಕಿಂತ ಒರಟು ಉಪಾಯವೆಂದರೆ ದೀಪವನ್ನೇ ಕಿತ್ತುಹಾಕುವುದು, ಅಥವಾ ಅದರ ತಂತಿಯನ್ನು ಪಕ್ಕದ ಆಯಿಲ್ ದೀಪಕ್ಕೋ ಬ್ಯಾಟರಿ ದೀಪಕ್ಕೋ ಸೇರಿಸುವುದು. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ಕಾಯಿರಿ: ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವು ಸೆಕೆಂಡುಗಳ ಬಳಿಕ ತಾನೊಂದೇ ಆರಬೇಕು, ಆಯಿಲ್ ಮತ್ತು ಬ್ಯಾಟರಿ ದೀಪಗಳು ಉರಿಯುತ್ತಲೇ ಇರಬೇಕು. ಎಂಜಿನ್ ಶುರುವಾದಾಗ ಎಲ್ಲವೂ ಒಟ್ಟಿಗೇ ಆರಿದರೆ ಆ ಕಾರನ್ನು ಅಲ್ಲೇ ಬಿಟ್ಟು ಬನ್ನಿ. ಸ್ಟಿಯರಿಂಗಿನ ನಡುವಿನ ಮುಚ್ಚಳದ ಬಣ್ಣ ಡ್ಯಾಶ್‌ಬೋರ್ಡಿಗೆ ಹೊಂದದಿರುವುದು, ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ ಅಂಟಿಸಿದ ಗೆರೆ ಕಾಣುವುದು, ಬೆಲ್ಟ್ ಎಳೆದಾಗ ಬಾರದಿರುವುದು ಇವೆಲ್ಲ ಹಳೆಯ ಅಪಘಾತದ ಕುರುಹುಗಳು.

ದೀಪಕ್ಕೆ ತಿಳಿಯದ ದೋಷವೂ ಒಂದಿದೆ. ಜಪಾನಿನ ತಕಾಟ ಕಂಪನಿ ತಯಾರಿಸಿದ್ದ, ಚೀಲ ತುಂಬುವ ಮದ್ದಿನ ಡಬ್ಬಿಗಳಾದ ಇನ್‌ಫ್ಲೇಟರುಗಳಲ್ಲಿನ ಅಮೋನಿಯಂ ನೈಟ್ರೇಟ್ ಮದ್ದು ವರ್ಷಗಟ್ಟಲೆ ಬಿಸಿಲು ಮತ್ತು ತೇವದಲ್ಲಿ ಕೆಟ್ಟು, ಏರ್‌ಬ್ಯಾಗ್ ತೆರೆಯುವಾಗ ಡಬ್ಬಿಯೇ ಒಡೆದು ಲೋಹದ ಚೂರುಗಳು ಸಿಡಿದವು. ಜಗತ್ತಿನ ಹಲವು ದೇಶಗಳಲ್ಲಿ ಜನ ಸತ್ತರು, ಕೋಟ್ಯಂತರ ಕಾರುಗಳನ್ನು ಕಂಪನಿಗಳು ವಾಪಸ್ ಕರೆದವು, ಭಾರತದಲ್ಲೂ ಹೋಂಡಾದಂಥ ಕಂಪನಿಗಳು ಇನ್‌ಫ್ಲೇಟರುಗಳನ್ನು ಉಚಿತವಾಗಿ ಬದಲಾಯಿಸಿದವು. ಅಂಥ ಇನ್‌ಫ್ಲೇಟರಿನ ರೋಧ ಸರಿಯಾಗಿಯೇ ಇರುವುದರಿಂದ ದೀಪ ಏನೂ ಹೇಳುವುದಿಲ್ಲ. ಹತ್ತು ಹದಿನೈದು ವರ್ಷ ಹಳೆಯ ಕಾರಿನವರು ಆರ್‌ಸಿಯಲ್ಲಿರುವ 17 ಅಕ್ಷರ ಮತ್ತು ಅಂಕಿಗಳ ಚಾಸಿ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ, ಅಥವಾ ಸರ್ವಿಸ್ ಸೆಂಟರಿನಲ್ಲಿ ಕೊಟ್ಟು ವಿಚಾರಿಸಿಕೊಳ್ಳಬೇಕು.

ರಿಪೇರಿ ಮುಗಿದ ಮೇಲೆ ಕಾರನ್ನು ಕೂಡಲೇ ತೆಗೆದುಕೊಂಡು ಹೊರಡಬೇಡಿ. ಇಗ್ನಿಷನ್ನನ್ನು ನಾಲ್ಕೈದು ಸಲ ಆನ್ ಆಫ್ ಮಾಡಿ ದೀಪ ಪ್ರತಿ ಸಲವೂ ಹೊತ್ತಿ ಆರುವುದನ್ನು ಎಣಿಸಿ, ಆಸನ ಮತ್ತು ಸ್ಟಿಯರಿಂಗನ್ನು ತುದಿಯಿಂದ ತುದಿಗೆ ಆಡಿಸಿ, ಗುಂಡಿ ಬಿದ್ದ ರಸ್ತೆಯಲ್ಲಿ ಒಂದಿಷ್ಟು ದೂರ ಓಡಿಸಿ; ಅಂಥ ರಸ್ತೆಗೆ ನಮ್ಮಲ್ಲಿ ಕೊರತೆಯಿಲ್ಲ. ಬಿಲ್ಲಿನ ಮೇಲೆ ಬಂದಿದ್ದ ಕೋಡ್, ಬದಲಾಯಿಸಿದ ಭಾಗದ ಸಂಖ್ಯೆ ಎರಡನ್ನೂ ಬರೆಸಿಕೊಳ್ಳಿ. ಏರ್‌ಬ್ಯಾಗನ್ನೋ ಪ್ರಿಟೆನ್ಷನರನ್ನೋ ಬದಲಾಯಿಸಿದ್ದರೆ, ಸಿಡಿಯದ ಹಳೆಯದನ್ನು ಮನೆಗೆ ತರಬೇಡಿ, ಗುಜರಿಗೂ ಹಾಕಬೇಡಿ. ಅದರೊಳಗೆ ಮದ್ದು ಹಾಗೆಯೇ ಇರುತ್ತದೆ. ಸುತ್ತಿಗೆ ಹಿಡಿದು ಲೋಹ ಬೇರ್ಪಡಿಸುವವನಿಗೆ ಅದು ತಿಳಿದಿರುವುದಿಲ್ಲ. ಕಂಪನಿಯ ಸರ್ವಿಸ್ ಸೆಂಟರಿಗೇ ಅದನ್ನು ಒಪ್ಪಿಸಿ ರಸೀದಿ ಪಡೆಯಿರಿ.